ಕಣದಲ್ಲಿ ಒಣಗಿದ ಕರಡಿ

ನಾನು ನಿಂತಿದ್ದು ಗೆಳೆಯ ಪೂಣಚ್ಚನ ಕಾಫಿ ಒಣಗಿಸುವ ಕಣದ ಆಗ್ನೇಯ ಮೂಲೆಯಲ್ಲಿ. ಕೈಯಲ್ಲಿ ಟೀ ಲೋಟ ಇತ್ತು. ಹೋದ ವರ್ಷ ಜನವರಿ, ಗುರುವಾರ. ಬೆಳಿಗ್ಗೆ ಹನ್ನೊಂದು ಕಳೆದಿತ್ತು, ಹನ್ನೊಂದೂವರೆ ಇನ್ನೂ ಆಗಿರಲಿಲ್ಲ. ಕಣಕ್ಕೆ ಪೂರ್ವದಲ್ಲಿ ಸಿಲ್ವರ್ ಓಕ್ ಮರಗಳ ಸಾಲು, ಪಶ್ಚಿಮದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಗೋಡೆ, ಉತ್ತರದಲ್ಲಿ ತೋಟಕ್ಕೆ ಇಳಿಯುವ ಜೀಪಿನ ದಾರಿ, ದಕ್ಷಿಣದಲ್ಲಿ ಪೂಣಚ್ಚನ ಮನೆಯ ಜಗಲಿ. ಕಣದ ಉತ್ತರದ ಅರ್ಧಕ್ಕೆ ಕಾಫಿ ಹಣ್ಣು ಹರಡಿತ್ತು. ದಕ್ಷಿಣದ ಅರ್ಧಕ್ಕೆ ಕರಡಿ ಹರಡಿತ್ತು.

ಚೆಕ್ಕುಬಂದಿ ಹಾಕಿದ್ದು ನೋಡಿ ನನ್ನ ಉದ್ಯೋಗ ಯಾವುದೆಂದು ನಿಮಗೆ ಗೊತ್ತಾಗಿರಬಹುದು. ರೆವಿನ್ಯೂ ಇಲಾಖೆಯಲ್ಲಿದ್ದೆ, ಈಗ ನಿವೃತ್ತ. ಮಹಜರು ಬರೆದು ಬರೆದು ನನ್ನ ಬುದ್ಧಿಗೆ ಅದೇ ದಾರಿ ಬಿದ್ದುಹೋಗಿದೆ. ಎಲ್ಲಿ ನಿಂತಿದ್ದೆ, ಏನು ಕಂಡೆ, ಜೊತೆಗೆ ಯಾರಿದ್ದರು. ನಮ್ಮ ಮದುವೆ ಹೇಗಾಯಿತು ಎಂದು ಯಾರಾದರೂ ಕೇಳಿದರೂ ನಾನು ಚಪ್ಪರದ ಪೂರ್ವಕ್ಕೆ ಏನಿತ್ತು ಎಂಬಲ್ಲಿಂದ ಶುರು ಮಾಡುತ್ತೇನೆ ಎಂದು ನನ್ನ ಹೆಂಡತಿ ದೂರುತ್ತಾಳೆ. ಪೂರ್ವಕ್ಕೆ ಅಡಿಗೆಯವರ ಒಲೆ ಇತ್ತು. ಹೊಗೆಯಲ್ಲಿ ಹುಡುಗಿಯ ಮುಖ ಸರಿಯಾಗಿ ಕಂಡಿರಲಿಲ್ಲ. ಇದನ್ನು ಹೇಳಬಾರದು ಎಂದರೆ ಹೇಗೆ?

ಆದರೆ ಈ ಬರಹಕ್ಕೆ ನನ್ನ ಚಾಳಿ ಒಂದೇ ಕಾರಣವಲ್ಲ. ಆ ದಿನ ಕಣದಲ್ಲಿ ಆದದ್ದನ್ನು ಕಂಡಹಾಗೆಯೇ ಬರೆದುಕೊಡು ಎಂದು ಒಬ್ಬರು ನನ್ನನ್ನು ಕೇಳಿದ್ದಾರೆ. ಅವರು ಡ್ರಾಯಿಂಗ್ ಮೇಷ್ಟ್ರು. ಅವರ ಹೆಸರು ವೆಂಕಟ್ರಮಣ ಎಂದು ವಿರಾಜಪೇಟೆಯಲ್ಲಿ ಬಹುಶಃ ಅವರ ಬಾಗಿಲ ಹಲಗೆಗೆ ಮಾತ್ರ ಗೊತ್ತು. ಅವರು ಆಗ ಜಗಲಿಯ ಮೇಲೆ ಬೆತ್ತದ ಕುರ್ಚಿಯಲ್ಲೇ ಕೂತಿದ್ದರು. ಆದರೆ ಅವರಿಗೆ ಕಣ್ಣಿನ ನಡುಭಾಗ ಹೋಗಿದೆ, ಅಂಚು ಮಾತ್ರ ಉಳಿದಿದೆ. "ನಿನ್ನ ಎರಡು ಕಿವಿಯೂ ಕಾಣ್ತದೆ ಮಾರಾಯ, ಮಧ್ಯದಲ್ಲಿ ನೀನೇ ಇಲ್ಲ" ಎನ್ನುತ್ತಾರೆ.

ಕರಡಿಯ ವಿಷಯಕ್ಕೆ ಬರುವ ಮುಂಚೆ ನನ್ನ ಕಪಾಟಿನ ವಿಷಯ ಹೇಳಬೇಕು.

ನಮ್ಮ ಮಡಿಕೇರಿಯ ಮನೆಯಲ್ಲಿ ಒಂದು ಮರದ ಕಪಾಟು ಇದೆ. ಅದರೊಳಗೆ ಮಳೆಗಾಲದ ಉದ್ದಕ್ಕೂ ಒಂದು ಬಲ್ಬು ಉರಿಯುತ್ತಿರುತ್ತದೆ. ಬೂಷ್ಟು ಹಿಡಿಯದಿರಲೆಂದು ಇಲ್ಲಿಯವರು ರೇಷ್ಮೆ ಸೀರೆಗೆ, ಕೋಟಿಗೆ, ಮನೆ ಪತ್ರಕ್ಕೆ ಹೀಗೆ ಬಲ್ಬು ಹಾಕುವುದು ಇದ್ದದ್ದೇ. ನಮ್ಮಲ್ಲಿ ರೇಷ್ಮೆ ಸೀರೆಗಳು ಮಂಚದಡಿಯ ಪೆಟ್ಟಿಗೆಯಲ್ಲಿ ನಡುಗುತ್ತಿರುತ್ತವೆ, ಬಲ್ಬಿನ ಬಿಸಿ ಕಾಯಿಸಿಕೊಳ್ಳುವುದು ಮಕ್ಕಳ ಚಿತ್ರಕಥೆಯ ಹಾಳೆಗಳು. ಈಗ ಹಳೆಯ ತಂತಿಯ ಬಲ್ಬು ಸುಲಭಕ್ಕೆ ಸಿಗುವುದಿಲ್ಲ. ಹೊಸ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಬಿಸಿ ಕೊಡುವುದಿಲ್ಲ. ನಾನು ಅಂಗಡಿಗೆ ಹೋಗಿ "ಹೆಚ್ಚು ಕರೆಂಟು ತಿನ್ನುವ ಬಲ್ಬು ಇದೆಯಾ?" ಎಂದು ಕೇಳಿದಾಗ ಅಂಗಡಿಯವನು ನನ್ನ ಹೆಂಡತಿಯ ಮುಖ ನೋಡುತ್ತಾನೆ. "ಕೊಡಿ, ಅವರ ಕರಡಿಗೆ ಚಳಿ" ಎನ್ನುತ್ತಾಳೆ ಇವಳು.

ನಾನು ಸೇರಿಸುವುದು ಪುಸ್ತಕವಲ್ಲ, ಪುಸ್ತಕವಾಗುವ ಮುಂಚಿನ ಹಾಳೆ. ಕಲಾವಿದ ಕೂತು ಶಾಯಿಯಲ್ಲಿ ಬರೆದ ಮೂಲಚಿತ್ರ. ಇದರಲ್ಲಿ ಏನಿದೆ ಎಂದು ಕೇಳುವವರಿಗೆ ನಾನು ಒಂದು ಹಾಳೆ ತೆಗೆದು ಕಿಟಕಿಯ ಹತ್ತಿರ ಹಿಡಿಯುತ್ತೇನೆ. ಅಚ್ಚಾದ ಪುಟಕ್ಕಿಂತ ಅದು ಬಹಳ ದೊಡ್ಡದು. ಕಪ್ಪು ಎಂದುಕೊಂಡಿದ್ದರಲ್ಲಿ ಕುಂಚದ ಗೆರೆಗಳು ಒಂದರ ಮೇಲೊಂದು ಮಲಗಿರುವುದು ಕಾಣುತ್ತದೆ. ತಪ್ಪಿದ ಮೂಗಿನ ಮೇಲೆ ಬಿಳಿ ಬಣ್ಣ ಬಳಿದು ಇನ್ನೊಂದು ಮೂಗು ಬರೆದಿರುತ್ತದೆ. ಅಂಚಿನಲ್ಲಿ ನೀಲಿ ಪೆನ್ಸಿಲಿನ ಗುರುತು, ಒಂದು ಹೆಬ್ಬೆರಳ ಅಚ್ಚು, ಒಮ್ಮೊಮ್ಮೆ ಕಾಫಿ ಲೋಟದ ಉಂಗುರ. ಚಿಕ್ಕಂದಿನಲ್ಲಿ ಓದಿದ ಕಥೆ ಎಲ್ಲಿಂದಲೋ ತಾನಾಗಿ ಬಂದದ್ದು ಎಂದು ನಾವು ತಿಳಿದಿರುತ್ತೇವಲ್ಲ? ಈ ಹಾಳೆ ಕೈಗೆ ಬಂದಾಗ, ಯಾರೋ ಒಬ್ಬರು ಒಂದು ಮಧ್ಯಾಹ್ನ ಕೂತು, ಮೂಗು ತಪ್ಪಿ, ಕಾಫಿ ಕುಡಿದು ಅದನ್ನು ಮಾಡಿದ್ದರು ಎಂದು ಗೊತ್ತಾಗುತ್ತದೆ. ನನಗೆ ಆಗ ಏನಾಗುತ್ತದೆ ಎಂದು ಸರಿಯಾಗಿ ಹೇಳಲಾರೆ. ಹಳೆಯ ಶಾಲೆಯ ಹಿಂಬಾಗಿಲಿನಿಂದ ಒಳಗೆ ಹೋದಂತೆ ಇರುತ್ತದೆ. ಬೆಂಚುಗಳು ಅಲ್ಲೇ ಇವೆ, ಮಕ್ಕಳು ಯಾರೂ ಇಲ್ಲ, ಬಿಸಿಲು ಮಾತ್ರ ಬಿದ್ದಿದೆ.

ಇನ್ನು ಕರಡಿ. ನಾನು ಹುಡುಗನಾಗಿದ್ದಾಗ ಮೈಸೂರಿನಿಂದ ಬರುತ್ತಿದ್ದ ಒಂದು ಮಕ್ಕಳ ಮಾಸಿಕದ ಕೊನೆಯ ಪುಟದಲ್ಲಿ 'ಗೇಟು ಕಾಯುವ ಕರಡಿ' ಬರುತ್ತಿತ್ತು. ಕಾಡಿನ ನಡುವೆ ಒಂದು ಗೇಟು. ಅದನ್ನು ಕಾಯಲು ಖಾಕಿ ಸ್ವೆಟರ್ ಹಾಕಿದ ಒಂದು ಕರಡಿ. ಲಾರಿ ಬಂದರೂ ನಿಲ್ಲಿಸುತ್ತದೆ, ಆನೆ ಬಂದರೂ ನಿಲ್ಲಿಸುತ್ತದೆ. ಒಂದು ಸಲ ಹೆಬ್ಬಾವು ಬಂದು ಅದರ ತಲೆ ಗೇಟು ದಾಟಿ, ಬಾಲ ಇನ್ನೂ ದಾಟದೆ ಸಾಯಂಕಾಲವಾಗಿ, ನಡುವೆ ಗೇಟು ಹಾಕುವುದು ಹೇಗೆಂದು ಕರಡಿ ತಲೆ ಕೆರೆದುಕೊಂಡಿತ್ತು.

ನನ್ನ ಅಪ್ಪ ಕುಟ್ಟದ ಹತ್ತಿರ ಕಾಡಿನ ಗೇಟಿನಲ್ಲಿ ಗಾರ್ಡ್ ಆಗಿದ್ದರು. ಒಂದು ತುದಿಗೆ ಕಲ್ಲು ಕಟ್ಟಿದ ಬಿದಿರಿನ ಗೇಟು. ಕತ್ತಲಾದ ಮೇಲೆ ಯಾರನ್ನೂ ಬಿಡುವಂತಿರಲಿಲ್ಲ. ಅಪ್ಪನಿಗೂ ಖಾಕಿ ಸ್ವೆಟರ್ ಇತ್ತು, ಕಿವಿಯಲ್ಲೂ ಕೂದಲಿತ್ತು. ಕರಡಿ ಎಂದರೆ ಅಪ್ಪ ಎಂದು ನಾನು ಶಾಲೆಯಲ್ಲಿ ಎಲ್ಲರಿಗೂ ಹೇಳಿದ್ದೆ. ಯಾರೂ ನಂಬಲಿಲ್ಲ. ಅಪ್ಪ ಒಬ್ಬರು ನಂಬಿದರು. ಆ ಪುಟ ಬಂದ ದಿನ ಗೋಡೆಯ ಕನ್ನಡಿ ನೋಡಿ ಮೀಸೆ ಸವರಿಕೊಳ್ಳುತ್ತಿದ್ದರು.

ಆ ಕಥೆ ಮುಗಿಯಲೇ ಇಲ್ಲ. ಒಂದು ತಿಂಗಳು, ಕರಡಿ ಗೇಟು ಹಾಕಿ ಬೀಗ ಜಡಿದು ಒಳಗೆ ಹೋಗುವಾಗ, ಆಚೆ ಕಡೆಯ ಕತ್ತಲಲ್ಲಿ ಯಾರೋ ಹಾರ್ನ್ ಹೊಡೆದರು. 'ಮುಂದಿನ ತಿಂಗಳು' ಎಂದಿತ್ತು. ಮುಂದಿನ ತಿಂಗಳು ಮಾಸಿಕವೇ ಬರಲಿಲ್ಲ, ನಿಂತುಹೋಯಿತು. ಗೇಟಿನ ಆಚೆ ಬಂದದ್ದು ಯಾರು? ನಾನು ಅಪ್ಪನನ್ನು ಕೇಳಿದೆ. ಅಪ್ಪ ಬಹಳ ಹೊತ್ತು ಯೋಚಿಸಿ, "ಡಿಎಫ್ಒ ಸಾಹೇಬರು ಇರಬೇಕು" ಎಂದರು.

ಅದಾಗಿ ನಲವತ್ತು ವರ್ಷದ ಮೇಲೆ, ಮೈಸೂರಿನ ಒಂದು ರದ್ದಿ ಅಂಗಡಿಯಲ್ಲಿ ಆ ಹೆಬ್ಬಾವಿನ ಹಾಳೆ ನನ್ನ ಕೈಗೆ ಬಿತ್ತು. ಮೂಲಚಿತ್ರ. ಹಿಂಬದಿಯಲ್ಲಿ ವಿರಾಜಪೇಟೆಯ ಶಾಲೆಯ ಮೊಹರು ಇತ್ತು. ಕರಡಿಯನ್ನು ಬರೆದವರು ನನ್ನ ಮನೆಯಿಂದ ಒಂದು ಬಸ್ಸಿನ ದೂರದಲ್ಲಿ ಇಷ್ಟು ಕಾಲ ಇದ್ದರು. ಆ ಶಾಲೆಯಲ್ಲಿ ಓದಿದ್ದ ನನ್ನ ಗೆಳೆಯ ಪೂಣಚ್ಚನಿಗೆ ಫೋನು ಮಾಡಿದರೆ, "ಅಯ್ಯೋ, ನಮ್ಮ ಡ್ರಾಯಿಂಗ್ ಮೇಷ್ಟ್ರಲ್ವಾ! ನನ್ನ ಕಿವಿ ಹಿಂಡಿ ಹಿಂಡಿ ಒಂದನ್ನು ಉದ್ದ ಮಾಡಿದ್ದಾರೆ. ಬಾ ಮಾರಾಯ, ಕರ್ಕೊಂಡು ಹೋಗ್ತೇನೆ" ಎಂದ.

ಮೇಷ್ಟ್ರ ಮನೆ ಪೇಟೆಯ ಒಂದು ಓಣಿಯಲ್ಲಿ. ಪಕ್ಕದ ಮನೆಯ ಸಫಿಯಾ ಬಟ್ಟೆ ಹೊಲಿಯುವವಳು, ಅವಳೂ ಮೇಷ್ಟ್ರ ಹಳೆಯ ವಿದ್ಯಾರ್ಥಿನಿ. ಬೆಳಿಗ್ಗೆ ಬಂದು ಅವರಿಗೆ ಪೇಪರ್ ಓದಿ ಹೇಳಿ ಹೋಗುತ್ತಾಳೆ. ಮನೆಯಲ್ಲಿ ಮಲಯಾಳ, ಮೇಷ್ಟ್ರ ಹತ್ತಿರ ಕನ್ನಡ, ಅವರನ್ನು ಕರೆಯುವುದು ಮಾತ್ರ "ಮಾಷೆ".

ನಾನು ಮೊದಲು ಕೇಳಿದ್ದು ಎಲ್ಲಕ್ಕಿಂತ ಮುಖ್ಯವಾದದ್ದು. "ಮೇಷ್ಟ್ರೇ, ಕರಡಿ ಅಂದರೆ ಕುಟ್ಟದ ಗೇಟಿನ ಗಾರ್ಡ್ ತಾನೆ?"

"ಯಾವ ಗಾರ್ಡ್?"

"ನಮ್ಮಪ್ಪ."

"ನಾನು ಕುಟ್ಟಕ್ಕೆ ಹೋದವನೇ ಅಲ್ಲ ಮಾರಾಯ. ಅದು ನಮ್ಮ ಹೆಡ್‌ಮಾಸ್ಟ್ರು. ಕೈ ಅಡ್ಡ ಹಾಕಿ ನಿಲ್ಲಿಸೋದು ಬಿಟ್ಟರೆ ಅವರಿಗೆ ಬೇರೆ ಕೆಲಸ ಏನಿತ್ತು?"

ಪೂಣಚ್ಚ ಕೆಮ್ಮುವವನ ಹಾಗೆ ಹೊರಗೆ ಹೋಗಿ ನಕ್ಕು ಬಂದ. ಅಪ್ಪ ಈಗ ಇಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲ.

ಎರಡನೆಯ ಪ್ರಶ್ನೆ, ಗೇಟಿನ ಆಚೆ ಯಾರು ಬಂದರು ಎಂಬುದು.  "ನನಗೂ ಗೊತ್ತಿಲ್ಲ" ಎಂದರು ಮೇಷ್ಟ್ರು.

ಅವರು ಹೇಳಿದ್ದು ಇಷ್ಟು. ಚಿತ್ರ ಬರೆಯುವುದು ಮಾತ್ರ ಅವರ ಕೆಲಸ. ಮಾತು ಬರೆಯುತ್ತಿದ್ದವರು ಅವರ ಹೆಂಡತಿ ಶಾರದಮ್ಮ. ಮೇಷ್ಟ್ರ ಅಕ್ಷರ ಕೆಟ್ಟದ್ದು ಎಂಬುದು ಒಂದು ಕಾರಣ. ಯಾರು ಏನು ಮಾತಾಡಬೇಕು ಎಂದು ಅವರಿಗೆ ಹೊಳೆಯುತ್ತಿರಲಿಲ್ಲ ಎಂಬುದು ಇನ್ನೊಂದು. ಇವರು ಬಾಯಿ ತೆರೆದ ಕರಡಿಯನ್ನೂ ಪಕ್ಕದಲ್ಲಿ ಖಾಲಿ ಗುಳ್ಳೆಯನ್ನೂ ಬರೆದು ಇಟ್ಟರೆ, ಶಾರದಮ್ಮ ಅಡಿಗೆ ಮುಗಿಸಿ ಬಂದು, ತೆಳ್ಳನೆಯ ಕಾಗದದಲ್ಲಿ ದುಂಡಗೆ ಮಾತು ಬರೆದು, ಚಿಕ್ಕ ಪಟ್ಟಿಗಳಾಗಿ ಕತ್ತರಿಸಿ, ಮೈದಾ ಗೋಂದಿನಿಂದ ಗುಳ್ಳೆಯೊಳಗೆ ಅಂಟಿಸುತ್ತಿದ್ದರು. ಏನು ಬರೆದಿದ್ದಾರೆ ಎಂದು ಇವರು ನೋಡುವುದು ಅಂಟಿಸಿದ ಮೇಲೆ. ಕೊನೆಯ ಕಂತಿನ ಹಾಳೆಗೆ ಅವರು ಮಾತು ಅಂಟಿಸಿ ಮುಗಿಸುವಾಗ, ಮಾಸಿಕ ನಿಂತಿತು ಎಂದು ಸುದ್ದಿ ಬಂತು. ಮೇಷ್ಟ್ರಿಗೆ ಸಿಟ್ಟು. ಹಾಳೆಯ ಕಡೆ ನೋಡದೆ, ಅಚ್ಚಾಗಿ ವಾಪಸು ಬಂದಿದ್ದ ಉಳಿದವುಗಳ ಜೊತೆ ತಗಡಿನ ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸಿದರು.

"ಏನು ಬರೆದಿದ್ದೀ ಅಂತ ಕೇಳಲಿಲ್ವಾ?" ಎಂದ ಪೂಣಚ್ಚ.

"ಕೇಳ್ಲಿಲ್ಲ. 'ನೋಡಿ, ಚೆನ್ನಾಗಿ ಬಂದಿದೆ' ಅಂತ ಅವಳು ಎಷ್ಟೋ ಸಲ ಹೇಳಿದ್ಲು. ನೋಡುವ ಅಂತ ಇದ್ದೆ. ಪೆಟ್ಟಿಗೆ ಎಲ್ಲಿಗೆ ಹೋಗ್ತದೆ?" ಶಾರದಮ್ಮ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಆಮೇಲೆ ಮೇಷ್ಟ್ರ ಕಣ್ಣು ಹೋಯಿತು.

ಪೆಟ್ಟಿಗೆ ಇಳಿಸಿದೆವು. ಮಂಗಗಳು ಹಂಚು ಸರಿಸಿ ನೀರು ಇಳಿದಿತ್ತು. ಹಾಳೆಗಳು ತೇವ ಕುಡಿದು ಭಾರವಾಗಿದ್ದವು, ಮೇಲೆಲ್ಲ ಹಸಿರು ಬೂಷ್ಟು. ಎಲ್ಲಕ್ಕಿಂತ ಕೆಳಗೆ ಕೊನೆಯ ಹಾಳೆ ಇತ್ತು. ಚಿತ್ರ ಕೆಡದಿರಲೆಂದು ಮೇಲೆ ಹೊದಿಸಿದ್ದ ಬೆಣ್ಣೆ ಕಾಗದ ತೇವಕ್ಕೆ ಅಂಟಿಹೋಗಿತ್ತು. ಮಂಜಿನ ಆಚೆ ಕಂಡಂತೆ ಗೇಟು, ಕರಡಿಯ ಬೆನ್ನು, ಕತ್ತಲಲ್ಲಿ ಎರಡು ದೀಪ ಕಾಣುತ್ತಿದ್ದವು. ಎರಡು ಗುಳ್ಳೆಗಳು. ಒಂದು ಕರಡಿಯದು, ಒಂದು ಕತ್ತಲಿನದು. ಒಳಗೆ ಏನಿದೆ ಎಂದು ಓದಲು ಬರುತ್ತಿರಲಿಲ್ಲ.

"ಹಸಿಯಲ್ಲಿ ಎಳೀಬೇಡ" ಎಂದರು ಮೇಷ್ಟ್ರು, ನನ್ನ ಕೈ ಎಲ್ಲಿದೆ ಎಂದು ಕಂಡವರ ಹಾಗೆ. "ಒಣಗಿದರೆ ತಾನೇ ಬಿಡ್ತದೆ." ಆಮೇಲೆ, "ಚಿತ್ರ ಎಲ್ಲ ನೀನೇ ತಗೊಂಡು ಹೋಗು. ನನಗೆ ಬೇಡ. ಅವಳ ಅಕ್ಷರ ಮಾತ್ರ ಬಿಟ್ಟು ಹೋಗು" ಎಂದರು.

"ಅಕ್ಷರ ಚಿತ್ರದ ಮೇಲೇ ಅಂಟಿದೆಯಲ್ಲ ಮೇಷ್ಟ್ರೇ."

"ಅದೇ ತೊಂದರೆ" ಎಂದರು.

ಬಿಸಿಲು ಬೇಕಿತ್ತು. ಓಣಿಯಲ್ಲಿ ಬಿಸಿಲು ಎಲ್ಲಿ? "ನನ್ನ ಕಣ ಉಂಟಲ್ಲ" ಎಂದ ಪೂಣಚ್ಚ. "ಅರ್ಧ ಖಾಲಿ ಇದೆ."

ಹೀಗೆ ಆ ಗುರುವಾರ ಜೀಪಿನಲ್ಲಿ ಮೇಷ್ಟ್ರು, ಸಫಿಯಾ, ಪೆಟ್ಟಿಗೆ, ನಾನು. ಕಣವನ್ನು ಪಾಪಕ್ಕ ಗುಡಿಸಿಟ್ಟಿದ್ದಳು. ಪಾಪಕ್ಕ ಆ ಕಣದ ಯಜಮಾನಿ ಎಂದರೆ ಪೂಣಚ್ಚನೂ ಇಲ್ಲ ಎನ್ನುತ್ತಿರಲಿಲ್ಲ. ಕಾಫಿ ಯಾವಾಗ ಹರಡಬೇಕು, ಯಾವಾಗ ಗುಡ್ಡೆ ಹಾಕಿ ಟಾರ್ಪಾಲು ಮುಚ್ಚಬೇಕು ಎಲ್ಲ ಅವಳದೇ ಮಾತು. ಹಾಳೆಗಳನ್ನು ಸಾಲಾಗಿ, ಕಥೆಯ ಕ್ರಮದಲ್ಲೇ ಹರಡಿ ಮೂಲೆಗೊಂದು ಬೆಣಚುಕಲ್ಲು ಇಟ್ಟೆವು. ಕೊನೆಯ ಹಾಳೆಗೆ ನಾನೇ ಜಾಗ ಹುಡುಕಿದೆ. ಪಲ್ಪರ್ ಮನೆಯ ಗೋಡೆಯ ಬುಡ, ಅಲ್ಲಿ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ, ಗಾಳಿ ಕಡಿಮೆ.

ಕಣದ ಹೆಂಗಸರು ಹಾಳೆಗಳ ನಡುವಿನ ದಾರಿಯಲ್ಲಿ ನಡೆದು ನೋಡುತ್ತಿದ್ದರು. ಕಥೆಯೊಂದರ ಒಳಗೆ ಜನ ಓಡಾಡುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಪಾಪಕ್ಕ ಹೆಬ್ಬಾವಿನ ಮುಂದಿನ ಕಂತಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, "ಈ ಕರಡಿ ನಮ್ಮ ಮೇಸ್ತ್ರಿ ತರಾನೇ ಇದೆ ಸಾವ್ಕಾರ್ರೆ, ಹೊಟ್ಟೆ ನೋಡಿ" ಎಂದಳು. "ಎಲ್ಲರಿಗೂ ಅವರವರ ಕರಡಿ" ಎಂದು ಪೂಣಚ್ಚ ನನ್ನ ಕಡೆ ನೋಡಿ ಕಣ್ಣು ಹೊಡೆದ. ಜಗಲಿಯಲ್ಲಿ ಸಫಿಯಾ, ಮೇಷ್ಟ್ರಿಗೆ ಮೊದಲ ಸಾಲಿನ ಮಾತುಗಳನ್ನು ಓದಿ ಹೇಳುತ್ತಿದ್ದಳು. ಅವರು ತಲೆ ಒಂದು ಪಕ್ಕಕ್ಕೆ ವಾಲಿಸಿ, ಕಣ್ಣಿನ ಅಂಚಿನಿಂದ ಕಣವನ್ನು ನೋಡುತ್ತಿದ್ದರು.

ಟೀ ಬಂತು. ನಾವು ಜಗಲಿಗೆ ಹೋದೆವು. ಹಾಳೆ ಮುಟ್ಟಬಾರದು ಎಂದು ಕಣದಲ್ಲಿ ಯಾರಿಗೂ ಯಾರೂ ಹೇಳಲಿಲ್ಲ.

ಹೇಳಬೇಕು ಎಂದು ಹೊಳೆಯಲೇ ಇಲ್ಲ. ಕಣದಲ್ಲಿ ಹರಡಿದ್ದನ್ನು ಆಗಾಗ ಮಗುಚಬೇಕು. ಒಂದೇ ಮಗ್ಗುಲು ಒಣಗಿದರೆ ಇನ್ನೊಂದು ಮಗ್ಗುಲು ಬೂಷ್ಟು. ಪಾಪಕ್ಕ ಹುಡುಗಿಯಾಗಿದ್ದಾಗಿನಿಂದ ಅದನ್ನೇ ಮಾಡಿದವಳು. ಮೊದಲು ಮರದ ಹಲಗೆ ಎಳೆದು ಕಾಫಿ ಮಗುಚಿದಳು. ಆಮೇಲೆ, ಹಾಳೆ ಸೂಕ್ಷ್ಮ ಎಂದು ಹಲಗೆ ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹೆಂಗಸರನ್ನು ಕರೆದು ಒಂದೊಂದಾಗಿ ಎಲ್ಲ ಹಾಳೆಗಳನ್ನೂ ಮಗುಚಿ ಹಾಕಿದಳು. ಕಲ್ಲನ್ನೂ ಮರೆಯದೆ ಮತ್ತೆ ಇಟ್ಟಳು.

ನಾನು ಲೋಟ ಹಿಡಿದು ಜಗಲಿಯಿಂದ ಇಳಿದು ಆಗ್ನೇಯ ಮೂಲೆಗೆ ಬಂದಾಗ ಕಣದಲ್ಲಿ ಕರಡಿ ಇರಲಿಲ್ಲ. ಬಿಳಿಯ ಬೆನ್ನುಗಳು ಮಾತ್ರ ಇದ್ದವು.

"ಪಾಪಕ್ಕಾ, ಎಂತ ಮಾಡಿದ್ರಿ?"

"ಮಗುಚಿದೆ ಸಾರ್. ಒಣಗೋದು ಬೇಡ್ವಾ?"

"ತೆಗೀರಿ, ತೆಗೀರಿ, ಎತ್ತಿ" ಎಂದು ಕೂಗಿದೆ. ಪೂಣಚ್ಚ ಜಗಲಿಯಿಂದ ಹಾರಿ, ಪಲ್ಪರ್ ಮನೆಯ ಗೋಡೆಯ ಬುಡದ ಕೊನೆಯ ಹಾಳೆಯ ಕಡೆ ಓಡಿದ. ಪಾಪಕ್ಕ ಮತ್ತು ಹೆಂಗಸರು ಸಾಲಿನ ತುದಿಯಿಂದ ಹಾಳೆಗಳನ್ನು ಎತ್ತತೊಡಗಿದರು. ಪೂಣಚ್ಚ ಬಗ್ಗಿ ಕೊನೆಯದನ್ನು ಎತ್ತಿದ, ಒಣಗಿದ ಬೆಣ್ಣೆ ಕಾಗದ ಅದರಿಂದ ಬಿಟ್ಟು ನೆಲದಲ್ಲೇ ಉಳಿಯಿತು.

ಈಗ ಹೇಳುವುದನ್ನು ನಾನು ನಿಧಾನವಾಗಿ ಹೇಳಬೇಕು.

ಹಾಳೆಗಳು ಮೇಲೆ ಬಂದವು. ಮಾತುಗಳು ಕೆಳಗೇ ಉಳಿದವು. ಮೈದಾ ಗೋಂದನ್ನು ಬೆಳ್ಳಿಮೀನಿನ ಹುಳ ತಿಂದು ಮುಗಿಸಿತ್ತು, ಉಳಿದಷ್ಟನ್ನು ತೇವ ತಿಂದಿತ್ತು. ಒಣಗಿದ ಪಟ್ಟಿಗಳನ್ನು ಹಿಡಿದಿಡಲು ಏನೂ ಇರಲಿಲ್ಲ. ಹೆಂಗಸರ ಕೈಯಲ್ಲಿದ್ದ ಚಿತ್ರಗಳಲ್ಲಿ ಕರಡಿ, ಆನೆ, ಲಾರಿ ಡ್ರೈವರ್ ಎಲ್ಲರೂ ಬಾಯಿ ತೆರೆದಿದ್ದರು, ಪಕ್ಕದ ಗುಳ್ಳೆಗಳು ಬರಿದಾಗಿದ್ದವು. ಕೆಳಗೆ, ಕಣದ ಸಿಮೆಂಟಿನ ಮೇಲೆ, ಶಾರದಮ್ಮ ಬರೆದದ್ದೆಲ್ಲ ಅದರದರ ಜಾಗದಲ್ಲೇ ಇತ್ತು. ಎಲ್ಲಿ ಯಾವ ಹಾಳೆ ಇತ್ತೋ ಅಲ್ಲಿ ಅದರ ಮಾತು. ಚೌಕ ಇಲ್ಲ, ಕರಡಿ ಇಲ್ಲ, ಗೇಟು ಇಲ್ಲ. ಆದರೆ ಮಾತಿನ ನಡುವಿನ ಖಾಲಿ ನೋಡಿದರೆ ಇಲ್ಲಿ ಕರಡಿ ನಿಂತಿತ್ತು, ಇಲ್ಲಿ ಹೆಬ್ಬಾವು ಹಾದುಹೋಗಿತ್ತು ಎಂದು ಗೊತ್ತಾಗುತ್ತಿತ್ತು.

ಪಟ್ಟಿಗಳು ಕವುಚಿ ಮಲಗಿದ್ದವು. ಇದನ್ನು ನಾನು ಖಚಿತವಾಗಿ ಹೇಳುತ್ತೇನೆ. ಹಾಳೆಯ ಮುಖ ನೆಲಕ್ಕಿತ್ತು, ಆದ್ದರಿಂದ ಪಟ್ಟಿಗಳ ಮುಖವೂ ನೆಲಕ್ಕಿತ್ತು. ಕಾಗದ ತೆಳ್ಳಗಿದ್ದುದರಿಂದ ಶಾಯಿ ಹಿಂದಕ್ಕೆ ಇಳಿದು, ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿ ಕಾಣುತ್ತಿದ್ದವು. ಮಾತುಗಳನ್ನು ನಾವು ಅವುಗಳ ಬೆನ್ನ ಕಡೆಯಿಂದ ನೋಡುತ್ತಿದ್ದೆವು. ಅವು ಮುಖ ಮಾಡಿದ್ದು ನೆಲಕ್ಕೆ. ಬಿಸಿಲು ಚೆನ್ನಾಗಿತ್ತು.  ಹೆಂಗಸರು ಹಾಳೆ ಎತ್ತಿಹಿಡಿದುಕೊಂಡು ಹಾಗೇ ನಿಂತರು. ಉತ್ತರದ ಅರ್ಧದಲ್ಲಿ ಕಾಫಿ ಒಣಗಿ ಚಿಟಚಿಟ ಎನ್ನುವ ಸದ್ದು ನನಗೆ ಕೇಳಿಸಿತು. ಇದು ಎಷ್ಟು ಹೊತ್ತು ಇತ್ತೆಂದು ನಾನು ಹೇಳಲಾರೆ. ನನ್ನ ಲೋಟದ ಟೀ ಆಮೇಲೂ ಬಿಸಿಯಾಗಿಯೇ ಇತ್ತು.

ಸಿಲ್ವರ್ ಮರಗಳ ಕಡೆಯಿಂದ ಗಾಳಿ ಬಂತು. ಮೊದಲು ಎಲೆಗಳ ಬೆಳ್ಳಿಯ ಹಿಂಬದಿ ತಿರುಗಿತು. ಆಮೇಲೆ ಕಣದ ಪೂರ್ವದಂಚಿನ ಮಾತುಗಳು ಎದ್ದವು, ಆಮೇಲೆ ನಡುವಿನವು, ಎಲ್ಲವೂ ಒಟ್ಟಿಗೆ ಸೊಂಟದೆತ್ತರಕ್ಕೆ ಏರಿ ಪಶ್ಚಿಮಕ್ಕೆ ಹೊರಟವು.

"ಏನದು? ಎಂತ ಆಯ್ತು?" ಎಂದು ಮೇಷ್ಟ್ರು ಎದ್ದು ನಿಂತರು.

"ಮಾಷೆ, ಅಮ್ಮನ ಅಕ್ಷರ ಹಾರ್ತಾ ಉಂಟು!" ಸಫಿಯಾ ಜಗಲಿಯಿಂದ ಇಳಿದಾಗಿತ್ತು.

"ಚಿತ್ರ ಬಿಡಿ" ಎಂದು ಮೇಷ್ಟ್ರು ಕೂಗಿದರು. ಅಷ್ಟು ದೊಡ್ಡ ದನಿ ಅವರಲ್ಲಿ ಇದೆ ಎಂದು ನನಗೆ ಗೊತ್ತಿರಲಿಲ್ಲ. "ಚಿತ್ರ ಹಾಳಾಗಿ ಹೋಗ್ಲಿ! ಅಕ್ಷರ ಹಿಡೀರಿ! ಅಕ್ಷರ!"

ನನ್ನ ಕಾಲ ಬುಡದಲ್ಲಿ, ಹೆಂಗಸೊಬ್ಬಳು ಕೈಬಿಟ್ಟ ಹಾಳೆ ಗಾಳಿಗೆ ಬಾಗಿ ನಡು ಮುರಿಯುವುದರಲ್ಲಿತ್ತು. ಅಂಥ ಹಾಳೆಗಾಗಿ ನಾನು ಎಷ್ಟು ರದ್ದಿ ಅಂಗಡಿಯ ಧೂಳು ಕುಡಿದಿದ್ದೇನೆ. ನಾನು ಅದನ್ನು ದಾಟಿ ಓಡಿದೆ. ಅದರ ನಡುವಿನ ಆ ಮಡಿಕೆ ಈಗಲೂ ಇದೆ. ನನಗೆ ಅದು ಚೆಂದವಾಗಿಯೇ ಕಾಣುತ್ತದೆ.

ಮಾತು ಹಿಡಿಯುವುದು ಸುಲಭವಲ್ಲ. ಬಗ್ಗಿದರೆ ಮುಂದಕ್ಕೆ ಹೋಗುತ್ತದೆ, ಹಿಂದೆ ನಿಂತರೆ ತಲೆಯ ಮೇಲೆ ಹೋಗುತ್ತದೆ. ಹೆಂಗಸರು ಸೆರಗು ಹಿಡಿದು ಅಡ್ಡ ನಿಂತರು. ಪಾಪಕ್ಕ ಅಳುತ್ತಲೇ ಎಲ್ಲರಿಗಿಂತ ಹೆಚ್ಚು ಹಿಡಿದಳು. ಸಫಿಯಾ ಪಲ್ಪರ್ ಮನೆಯ ಪಕ್ಕದ ಕಾಳುಮೆಣಸಿನ ಬಳ್ಳಿಯಿಂದ ಒಂದೊಂದಾಗಿ ಬಿಡಿಸುತ್ತಿದ್ದಳು. ನಾನು ಕಾಫಿಯ ನಡುವೆ ಮಂಡಿಯೂರಿ ಹೆಕ್ಕುತ್ತಿದ್ದೆ. ಒಂದು ಪಟ್ಟಿ ತಿರುಗಿಸಿದರೆ 'ಬಾಲ ಒಳಗೆ ತಗೊಳ್ಳಿ ಸ್ವಾಮೀ' ಎಂದಿತ್ತು. ಹೆಬ್ಬಾವಿಗೆ ಹೇಳಿದ್ದು. ಇಷ್ಟು ವರ್ಷವಾದ ಮೇಲೂ ನನಗೆ ನಗು ಬಂತು.

ಹಿಡಿದದ್ದನ್ನೆಲ್ಲ ಕಾಫಿ ಹಣ್ಣು ಹೊರುವ ಒಂದು ಬುಟ್ಟಿಯಲ್ಲಿ ತಂದು ಮೇಷ್ಟ್ರ ತೊಡೆಯ ಮೇಲೆ ಇಟ್ಟೆವು. ಅವರು ಒಂದು ಕೈ ಒಳಗೆ ಹಾಕಿ ಸುಮ್ಮನೆ ಕೂತರು, ನೀರಿನಲ್ಲಿ ಕೈ ಇಟ್ಟವರ ಹಾಗೆ.

ಆ ಮಧ್ಯಾಹ್ನವೆಲ್ಲ ಜಗಲಿಯಲ್ಲಿ ಮಾತು ಆರಿಸಿದೆವು. ಸಫಿಯಾ ಒಂದು ಪಟ್ಟಿ ಓದುವಳು. ಅದು ಯಾವ ಬಾಯಿಯದು ಎಂದು ಎಲ್ಲರೂ ಜಗಳಾಡುವರು.

"'ನಾನು ಸಣ್ಣಗಾಗ್ತಾ ಇದ್ದೇನೆ.' ಇದು ಆನೆದು."

"ಆನೆ ಯಾಕೆ ಹಾಗೆ ಹೇಳ್ತದೆ? ಇದು ಪೂಣಚ್ಚ ಸಾವ್ಕಾರ್ರದು" ಎಂದಳು ಪಾಪಕ್ಕ. ಅವಳ ಅಳು ನಿಂತಿತ್ತು.

ಹೆಚ್ಚಿನವು ಸಿಕ್ಕವು. ಕೊನೆಯ ಹಾಳೆಯ ಕರಡಿಯ ಮಾತೂ ಸಿಕ್ಕಿತು. 'ಯಾರದು? ಬೆಳಗಾಗುವವರೆಗೆ ಗೇಟು ತೆಗೆಯುವುದಿಲ್ಲ!' ಹೊದಿಸಿದ್ದ ಬೆಣ್ಣೆ ಕಾಗದ ಸಿಲ್ವರ್ ಮರದ ಕೊಂಬೆಯಲ್ಲಿ ಸಿಕ್ಕಿತು, ಗಾಳಿ ಸುತ್ತಿ ಹಿಂದಕ್ಕೆ ಒಯ್ದಿರಬೇಕು. ಆಚೆ ಕಡೆಯ ಕತ್ತಲು ಕೊಟ್ಟ ಉತ್ತರ ಮಾತ್ರ ಸಿಗಲಿಲ್ಲ. ಪಲ್ಪರ್ ಮನೆಯ ಮಾಡು ಹತ್ತಿ ನೋಡಿದೆವು. ಕಾಫಿಯನ್ನು ಬೊಗಸೆ ಬೊಗಸೆಯಾಗಿ ಸರಿಸಿ ನೋಡಿದೆವು. ಆ ಕಾಫಿ ಮೂಟೆಯಾಗಿ ಹೋಗಿ ಬಹಳ ದಿನವಾಯಿತು. ಅದರ ಜೊತೆ ಹೋಯಿತೋ ಏನೋ.

ಸಾಯಂಕಾಲ ಮೇಷ್ಟ್ರು, ತಾವಾಗಿ, ಯಾರನ್ನೂ ಉದ್ದೇಶಿಸದೆ ಕೇಳಿದರು. "ಯಾರಾದ್ರೂ ನೋಡಿದ್ರಾ ಅದನ್ನು?"

ಪೂಣಚ್ಚ ಹೇಳಿದ, "ನಾನು ನೋಡಿದೆ ಮೇಷ್ಟ್ರೇ. ಹಾಳೆ ಎತ್ತಿದ್ದು ನಾನೇ ಅಲ್ವಾ. ಗಾಳಿ ಬರುವ ಮುಂಚೆ ಓದಿದೆ."

"ಏನಿತ್ತು?"

"'ಪರವಾಗಿಲ್ಲ. ಇಲ್ಲೇ ಕೂತಿರ್ತೇನೆ.'"

 ಮೇಷ್ಟ್ರ ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು. "ಅವಳೇ" ಎಂದರು. "ಅವಳದ್ದೇ ಮಾತು. ಶಾಲೆ ಬಿಡೋದು ತಡ ಆದ್ರೆ ಗೇಟಿನ ಹೊರಗೆ ನಿಂತು ಹೀಗೇ ಹೇಳ್ತಿದ್ಲು."

ಜೀಪಿನ ಹತ್ತಿರ ನಾನು ಪೂಣಚ್ಚನನ್ನು ಒಂದು ಬದಿಗೆ ಕರೆದೆ. "ಅಕ್ಷರ ಕವುಚಿ ಇತ್ತಲ್ಲ ಮಾರಾಯ. ತಿರುಗಿ ಕಾಣ್ತಿತ್ತು. ಅಷ್ಟರಲ್ಲಿ ಹೇಗೆ ಓದಿದೆ?"

"ಓದಿದೆ" ಎಂದ.

"ಶಾಲೆಯಲ್ಲಿ ನೇರವಾಗಿದ್ದದ್ದನ್ನೇ ನೀನು ಓದ್ತಿರ್ಲಿಲ್ಲ ಅಂತ ಮೇಷ್ಟ್ರು ಹೇಳ್ತಾರೆ."

"ಅದಕ್ಕೇ, ತಿರುಗಿದ್ದದ್ದು ಓದಿದೆ" ಎಂದು ಜೀಪು ಸ್ಟಾರ್ಟ್ ಮಾಡಿದ.

ಚಿತ್ರಗಳು ಈಗ ನನ್ನ ಕಪಾಟಿನಲ್ಲಿ, ಬಲ್ಬಿನ ಬಿಸಿಯಲ್ಲಿ ಇವೆ. ಮಾತುಗಳು ಮೇಷ್ಟ್ರ ಮನೆಯಲ್ಲಿ, ಶಾರದಮ್ಮನ ಒಂದು ಹಿತ್ತಾಳೆ ಡಬ್ಬಿಯಲ್ಲಿ ಇವೆ. ಅಂಟಿಸಲು ನಾನು ಹೊಸ ಗೋಂದು ತರುತ್ತೇನೆ ಎಂದಾಗ ಮೇಷ್ಟ್ರು ಒಪ್ಪಲಿಲ್ಲ. "ಅಂಟಿಸಿದರೆ ನೀನು ಬರ್ತೀಯಾ?" ಎಂದರು. ಈಗ ನಾನು ಆಗಾಗ ಒಂದೆರಡು ಹಾಳೆ ಕಂಕುಳಲ್ಲಿ ಹಿಡಿದು ವಿರಾಜಪೇಟೆಯ ಬಸ್ಸು ಹತ್ತುತ್ತೇನೆ. ಮೇಜಿನ ಮೇಲೆ ಹಾಳೆ ಇಡುತ್ತೇವೆ. ಸಫಿಯಾ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಮಾತುಗಳನ್ನು ಒಂದೊಂದಾಗಿ ಗುಳ್ಳೆಗಳಲ್ಲಿ ಇಟ್ಟು ಓದುತ್ತಾಳೆ. ಉಸಿರು ಹಿಡಿದು ಓದಬೇಕು. ನಗು ಬಂದರೆ ಕಥೆ ಹಾರಿಹೋಗುತ್ತದೆ. ಹೆಬ್ಬಾವಿನ ಕಂತನ್ನು ನಮಗೆ ಇದುವರೆಗೆ ಒಂದು ಸ‌ಲವೂ ಪೂರ್ತಿ ಓದಲಾಗಿಲ್ಲ.

ಕೊನೆಯ ಹಾಳೆಗೆ ಬಂದಾಗ ಕತ್ತಲಿನ ಗುಳ್ಳೆಯನ್ನು ಖಾಲಿ ಬಿಡುತ್ತಾಳೆ. ಅಲ್ಲಿ ಮಾತ್ರ ಮೇಷ್ಟ್ರು ಬಾಯಿಬಿಟ್ಟು ಹೇಳುತ್ತಾರೆ. "ಪರವಾಗಿಲ್ಲ. ಇಲ್ಲೇ ಕೂತಿರ್ತೇನೆ."

ಈ ಮಳೆಗಾಲದಲ್ಲಿ ಪೂಣಚ್ಚ ತೀರಿಕೊಂಡ. ಎದೆನೋವು ಎಂದ, ಜೀಪು ತರುವಷ್ಟರಲ್ಲಿ ಹೋಗಿದ್ದ. ಅದಾದ ಮೇಲೆಯೇ ಮೇಷ್ಟ್ರು ನನ್ನನ್ನು ಕೇಳಿದ್ದು. "ನೋಡಿದವರು ಒಬ್ಬೊಬ್ಬರಾಗಿ ಹೋಗ್ತಾರೆ ಮಾರಾಯ. ಅವಳು ಬರೆದದ್ದೆಲ್ಲ ಒಂದೇ ಸಲ ಹೊರಗೆ ಬಿದ್ದದ್ದು ಆ ಒಂದು ದಿನ. ನಾನಲ್ಲೇ ಇದ್ದೆ, ನನಗೆ ಕಾಣಲಿಲ್ಲ. ಪಾಪಕ್ಕ ಮಲ್ಲಿಗೆ ಉದುರಿದ ಹಾಗಿತ್ತು ಅಂತಾಳೆ. ಸಫಿಯಾ ಬಟ್ಟೆ ಕತ್ತರಿಸಿದ ಚೂರಿನ ಹಾಗಿತ್ತು ಅಂತಾಳೆ. ನೀನು ಮಹಜರು ಬರೆದವನು. ಹೇಗಿತ್ತೋ ಹಾಗೆ ಬರಿ."

ಹೇಗಿತ್ತೋ ಹಾಗೆ ಬರೆದಿದ್ದೇನೆ. ಪೂಣಚ್ಚ ಓದಿದ ಮಾತಿನ ಬಗ್ಗೆಯೂ ಸಾಕ್ಷಿ ಹೇಳಬೇಕಾದರೆ, ನಾನು ಆಗ್ನೇಯ ಮೂಲೆಯಲ್ಲಿದ್ದೆ. ಅಲ್ಲಿಂದ ಗೋಡೆಯ ಬುಡದ ಪಟ್ಟಿಯನ್ನು ಓದಲು ಯಾರಿಗೂ ಆಗುವುದಿಲ್ಲ. ಪೂಣಚ್ಚ ಅದರ ಮೇಲೇ ಬಗ್ಗಿ ನಿಂತಿದ್ದ. ಅವನಿಗೆ ಕನ್ನಡಕ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಗಾಳಿ ಬರುವ ಮುಂಚೆ ಅವನು ತಲೆ ಒಂದು ಪಕ್ಕಕ್ಕೆ ವಾಲಿಸಿ ನೆಲ ನೋಡಿದ್ದನ್ನು ನಾನು ಕಂಡಿದ್ದೇನೆ.

ಇದನ್ನು ಕಂಡವರಲ್ಲಿ ಈಗ ಇರುವವರು: ಕಣದ ಪಾಪಕ್ಕ, ಅವಳ ಜೊತೆ ಹಾಳೆ ಎತ್ತಿದ ಹೆಂಗಸರು, ಹೊಲಿಗೆಯ ಸಫಿಯಾ, ಇದನ್ನು ಬರೆದ ನಾನು. ಡ್ರಾಯಿಂಗ್ ಮೇಷ್ಟ್ರೂ ಇದ್ದಾರೆ. ಅವರು ಕಂಡಿಲ್ಲ. ನಾಳೆ ಹೋಗಿ ಅವರಿಗೆ ಓದಿ ಹೇಳಬೇಕು.